ಹನ್ನೆರಡನೆಯ ಕೊಳವೆ

ಮೊದಲನೆಯ ಕೊಳವೆ ಮೂವತ್ತೆಂಟನೆಯ ನಿಮಿಷಕ್ಕೆ ನಿಂತುಹೋಯಿತು. ಎರಡನೆಯದು ನಲವತ್ತಕ್ಕೆ. ಆಮೇಲೆ ಮೂರು, ನಾಲ್ಕು, ಐದು — ಒಂದರ ಬೆನ್ನಿಗೆ ಒಂದು. ಗಡಿಯಾರ ಹನ್ನೊಂದು ಹೊಡೆಯುವಷ್ಟರಲ್ಲಿ ಹನ್ನೊಂದು ಕೊಳವೆಗಳೊಳಗೂ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಹನ್ನೆರಡನೆಯದು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹರಿಯುತ್ತಲೇ ಇತ್ತು.

ಯಂತ್ರದ ಮುಂದಿನ ಸ್ಟೂಲಿನ ಮೇಲೆ ಪುಟ್ಟಿ ಕುಸಿದು ಕೂತಳು.

ಪುಟ್ಟಿಗೆ ನಲವತ್ತೇಳು ವರ್ಷ. ಬಾಗಿಲ ಫಲಕದಲ್ಲಿ ಅವಳ ಹೆಸರಿನ ಹಿಂದೆಮುಂದೆ ಬೇಕಾದಷ್ಟು ಅಕ್ಷರಗಳಿವೆ. ಆದರೆ ಅವಳನ್ನು ಒಂಬತ್ತನೆಯ ವಯಸ್ಸಿನಿಂದ ಸಾಕಿದ ದೊಡ್ಡಮ್ಮ ಇವತ್ತಿಗೂ ಕರೆಯುವುದು ಪುಟ್ಟಿ ಎಂದೇ. ದೊಡ್ಡಮ್ಮನ ಮಾತು ಮೀರುವ ಧೈರ್ಯ ನಮಗೂ ಇಲ್ಲ.

ಆಸ್ಪತ್ರೆಯ ಹಿಂಭಾಗದ ಆ ಪುಟ್ಟ ಪ್ರಯೋಗಾಲಯದಲ್ಲಿ ಮಾಡುತ್ತಿದ್ದುದು ಕೃತಕ ರಕ್ತನಾಳ. ಪೆನ್ಸಿಲಿಗಿಂತ ಸಣ್ಣದು, ನೂಲಿನಿಂದ ಹೆಣೆದದ್ದು. ಹೆಣೆದರೆ ಸಾಲದು. ರಕ್ತಕ್ಕೆ ಪರಕೀಯರನ್ನು ಕಂಡರಾಗದು. ತನ್ನದಲ್ಲದ ಗೋಡೆ ತಾಗಿದ ಕೂಡಲೇ ಮುನಿಸಿಕೊಂಡು ಹೆಪ್ಪುಗಟ್ಟುತ್ತದೆ. ಅದನ್ನು ತಡೆಯಲು ಕೊಳವೆಯ ಒಳಮೈಗೆ ಹೆಪಾರಿನ್ ಎಂಬ ಮದ್ದನ್ನು ಬಿಡದಂತೆ ಅಂಟಿಸಬೇಕು. ಅಂಟಿದೆಯೋ ಇಲ್ಲವೋ ನೋಡಲು ಪ್ರತಿ ಕೊಳವೆಯಿಂದ ಒಂದು ಬೆರಳುದ್ದ ಕತ್ತರಿಸಿ, ಅದರೊಳಗೆ ಬೆಚ್ಚಗಿನ ರಕ್ತವನ್ನು ಆರು ಗಂಟೆ ಸುತ್ತಿಸುತ್ತಾರೆ. ಆರು ಗಂಟೆ ಹರಿದರೆ ಪಾಸು.

ಈ ಸಲದ ಹನ್ನೆರಡರಲ್ಲಿ ಒಂದು ದೊಡ್ಡಮ್ಮನ ಎಡಗಾಲಿಗೆ ಹೋಗಬೇಕಿತ್ತು.

ದೊಡ್ಡಮ್ಮ ಇದೇ ಆಸ್ಪತ್ರೆಯ ಲಾಂಡ್ರಿಯನ್ನು ಮೂವತ್ತನಾಲ್ಕು ವರ್ಷ ಆಳಿದವಳು. ತಾಯಿಯಿಲ್ಲದ ಪುಟ್ಟಿ ಹೋಮ್‌ವರ್ಕ್ ಮಾಡಿದ್ದು ಅಲ್ಲಿನ ಬಟ್ಟೆ ಮಡಿಸುವ ಮೇಜಿನ ಮೇಲೆ, ಬಿಸಿ ಹಾಸಿಗೆಬಟ್ಟೆಗಳ ನಡುವೆ. ಈಗ ಆ ದೊಡ್ಡಮ್ಮನ ಮಂಡಿಯ ಕೆಳಗೆ ರಕ್ತ ಇಳಿಯುತ್ತಿರಲಿಲ್ಲ. ಪಾದ ತಣ್ಣಗಾಗಿ ಬೆರಳುಗಳು ಕಪ್ಪಾಗುತ್ತಿದ್ದವು. ಅವಳದೇ ಒಳ್ಳೆಯ ನಾಳಗಳು ಹಿಂದೆ ಹೃದಯದ ಆಪರೇಷನ್ನಿಗೆ ಖರ್ಚಾಗಿದ್ದವು. ಶನಿವಾರದೊಳಗೆ ಕೊಳವೆ ಹಾಕಿದರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರ ಮಂಡಿಯ ಕೆಳಗೆ ತೆಗೆಯಬೇಕು ಎಂದಿದ್ದರು ಸರ್ಜನ್ನು. ಅಂದು ಬುಧವಾರ. ಹೊಸ ಕೊಳವೆ ಮಾಡಲು ಮೂರು ವಾರ ಬೇಕು.

"ರಕ್ತದ್ದೇ ತಪ್ಪಿರಬೇಕು," ಎಂದ ಮಗ್ಗದಣ್ಣ. ಹೆಣೆಯುವ ಯಂತ್ರ ನಡೆಸುವವನು ಅವನು. ತಪ್ಪು ತನ್ನ ಕೋಣೆಯಿಂದ ಆದಷ್ಟು ದೂರವಿರಲಿ ಎಂಬುದು ಅವನ ಯಾವತ್ತಿನ ಆಸೆ.

ಹಳೆಯ ಸಲದ ಕೊಳವೆಗಳ ಬೆರಳುದ್ದದ ಚೂರುಗಳು ಕಪಾಟಿನಲ್ಲಿದ್ದವು. ಒಂದನ್ನು ಅದೇ ರಕ್ತಕ್ಕೆ, ಅದೇ ಯಂತ್ರಕ್ಕೆ ಜೋಡಿಸಿದರು. ಚೆನ್ನಾಗಿ ಹರಿಯಿತು. ರಕ್ತವೂ ನಿರ್ದೋಷಿ, ಯಂತ್ರವೂ ನಿರ್ದೋಷಿ.

"ನೂಲು ಬದಲಾಯಿಸಿದ್ರಾ?" ಪುಟ್ಟಿ ಕೇಳಿದಳು.

"ನೂಲು ಅದೇ, ಸೂಜಿ ಅದೇ, ನಾನೂ ಅವನೇ."

"ಹೊಸ ಹೆಪಾರಿನ್ ಬಾಟಲಿ?"

"ಪರೀಕ್ಷೆ ಮಾಡಿಯಾಗಿದೆ. ಸರಿಯಾಗೇ ಇದೆ," ಎಂದಳು ಲೇಪದಕ್ಕ, ನೆಲ ನೋಡುತ್ತ.

ಕೊಳವೆಗೆ ಮದ್ದಿನ ಲೇಪ ಕೊಡುವವಳು ಅವಳು. ಅರವತ್ತರ ಹೊಸ್ತಿಲಲ್ಲಿದ್ದಾಳೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಒಂದೂ ಕೆಟ್ಟ ಕೊಳವೆ ಹೊರಬಿದ್ದಿರಲಿಲ್ಲ. ಮೂಗಿನ ಮೇಲಿನಿಂದ ಜಾರುತ್ತಿದ್ದ ಕನ್ನಡಕವನ್ನು ಗಾಯದ ಪಟ್ಟಿಯ ಚೂರಿನಿಂದ ಹಿಂದಕ್ಕೆ ಕಟ್ಟಿಕೊಂಡಿದ್ದಳು.

"ಅಕ್ಕ, ಹನ್ನೆರಡನೇದಕ್ಕೆ ಏನಾದ್ರೂ ಬೇರೆ ಮಾಡಿದ್ರಾ?"

ಉತ್ತರ ಬರಲು ಒಂದು ಗಳಿಗೆ ತಡವಾಯಿತು. "ಇಲ್ಲ ಮೇಡಂ. ಎಲ್ಲ ಎಂದಿನ ಹಾಗೇ."

ಆ ಒಂದು ಗಳಿಗೆ ಪುಟ್ಟಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಲೇಪದಕ್ಕನನ್ನು ಅನುಮಾನಿಸುವುದೆಂದರೆ ತನ್ನ ಕೈಯನ್ನೇ ತಾನು ಅನುಮಾನಿಸಿದಂತೆ. ಆದರೂ ಅನುಮಾನ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

ಸಾಯಂಕಾಲ ನಾಲ್ಕಕ್ಕೆ ಹನ್ನೆರಡನೆಯ ಕೊಳವೆ ಆರು ಗಂಟೆ ಮುಗಿಸಿತು. ಪುಟ್ಟಿ ಸರ್ಜನ್ನಿನ ಕೋಣೆಗೆ ಓಡಿದಳು. ಸರ್ಜನ್ನು ಮಾತು ಕಮ್ಮಿಯ ಮನುಷ್ಯ.

"ಹನ್ನೆರಡರಲ್ಲಿ ಒಂದು. ಯಾಕೆ ಪಾಸಾಯ್ತು?"

"ಗೊತ್ತಿಲ್ಲ."

"ಹಾಗಾದ್ರೆ ಅದು ಅದೃಷ್ಟ. ಅದೃಷ್ಟನ ನಾನು ಜನರ ಕಾಲಿಗೆ ಹೊಲಿಯೋದಿಲ್ಲ. ಯಾಕೆ ಅಂತ ಹೇಳಿ, ಹೊಲೀತೀನಿ."

ಮರಳಿ ಬಂದಾಗ ಅವಳ ಮೇಜಿನ ಮೇಲೆ ಲೇಪದಕ್ಕನ ಚೀಟಿ ಇತ್ತು. 'ನನ್ನ ಕೈಗೆ ವಯಸ್ಸಾಯಿತು. ಬೇರೆ ಯಾರನ್ನಾದರೂ ನೋಡಿಕೊಳ್ಳಿ.' ಪುಟ್ಟಿ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಮೂರು ವಾರದಿಂದ ಅವಳಿಗೂ ಬಿಡುವಿರಲಿಲ್ಲ. ಆಪರೇಷನ್ನಿಗೆ ಒಪ್ಪಿಗೆ ಕೊಡುವ ಸಮಿತಿಗೆ ಕಾಗದ ಬರೆಯುವುದು, ದೊಡ್ಡಮ್ಮನ ಬಟ್ಟೆಬರೆ ಒಗೆದು ತರುವುದು, ಲೇಪದಕ್ಕನ ಬೆರಳು ಒಡೆದಿವೆಯೆಂದು ಅವಳ ಕೆಲಸದ ಹತ್ತಿದಾರದ ಬತ್ತಿಗಳನ್ನೂ ಮನೆಗೆ ಒಯ್ದು ತೊಳೆದು ತರುವುದು, ನಡುವೆ ಊಟ ಮರೆಯುವುದು. ಆ ದಿನವೂ ಊಟ ಮರೆತು ವಾರ್ಡಿಗೆ ಹೋದಳು.

ದೊಡ್ಡಮ್ಮ ಆಗತಾನೆ ಮುಖ ತೊಳೆದು, ಪುಟ್ಟಿ ಮನೆಯಿಂದ ತಂದಿಟ್ಟಿದ್ದ ಟವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದಳು. ಎರಡು ಸಲ ಒರೆಸಿ ಮೂಗು ಮುರಿದಳು.

"ನಿನ್ನ ಮನೆ ಟವೆಲ್ಲು ನೀರು ಒರೆಸಲ್ಲ ಕಣೆ. ಕಿವಿಯಿಂದ ಕಿವಿಗೆ ಮೆರವಣಿಗೆ ಮಾಡಿಸುತ್ತೆ. ಆಸ್ಪತ್ರೆದು ಒಂದು ತರಿಸು." ಆಮೇಲೆ ಪುಟ್ಟಿಯ ಮುಖ ನೋಡಿದಳು. "ಏನಾಯ್ತು? ಸುಳ್ಳು ಹೇಳ್ಬೇಡ. ಒಗೆಯದ ಬಟ್ಟೆ ಥರ ಇದೆ ನಿನ್ನ ಮುಖ."

ಪುಟ್ಟಿ ಹೇಳದೆ ಇರಬೇಕೆಂದುಕೊಂಡು ಬಂದಿದ್ದಳು. ಐದು ನಿಮಿಷದಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ದೊಡ್ಡಮ್ಮ ಅಳಲಿಲ್ಲ. ಕಂಬಳಿಯ ಕೆಳಗಿನ ತನ್ನ ಪಾದವಿದ್ದ ಕಡೆ ಒಮ್ಮೆ ನೋಡಿದಳು.

"ಲೇಪದವಳು ಇಲ್ಲ ಅಂದ್ಲು, ನೀನು ಬಿಟ್ಟುಬಿಟ್ಟೆ?"

"ಇನ್ನೇನು ಮಾಡ್ಲಿ? ಅವರನ್ನ ಕೂರಿಸ್ಕೊಂಡು ಪೊಲೀಸರ ಥರ ಕೇಳ್ಲಾ?"

"ಪೊಲೀಸರಿಗೆ ಕೇಳೋಕೆ ಬರಲ್ಲ. ಕಳೆದುಹೋದ ಇನ್ನೂರು ಹಾಸಿಗೆಬಟ್ಟೆ ಪತ್ತೆ ಮಾಡಿದವಳು ನಾನು, ಪೊಲೀಸರಲ್ಲ. ನಾಳೆ ಗಾಲಿಕುರ್ಚಿ ತರಿಸು."

"ದೊಡ್ಡಮ್ಮ, ನಿನ್ನ ಕಾಲು —"

"ನನ್ನ ಕಾಲು, ನನ್ನ ಕೇಸು."

ಗುರುವಾರ ಬೆಳಿಗ್ಗೆ ನರ್ಸು ಬೇಡಬೇಡವೆಂದರೂ ದೊಡ್ಡಮ್ಮನ ಗಾಲಿಕುರ್ಚಿ ಪ್ರಯೋಗಾಲಯದ ಹೊಸ್ತಿಲು ದಾಟಿತು. ಮಗ್ಗದಣ್ಣ ಎದ್ದು ನಿಂತ. ಲೇಪದಕ್ಕ ಗೋಡೆಗೆ ಒತ್ತಿಕೊಂಡಳು. ದೊಡ್ಡಮ್ಮ ಕೋಣೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಗುಡಿಸಿ, ಟೀ ಕೇಳಿದಳು.

"ಮೊದಲಿಂದ ಹೇಳಿ. ಕೊಳವೆ ಹೆಣೆದಾಯ್ತು. ಆಮೇಲೆ?"

ಪುಟ್ಟಿ ಗೋಡೆಯ ಮೇಲಿನ ಕ್ರಮಪಟ್ಟಿ ಓದಿದಳು. ತೊಳೆಯುವುದು. ಮೊದಲ ಲೇಪ. ಹೆಪಾರಿನ್ ಲೇಪ. ಮತ್ತೆ ತೊಳೆಯುವುದು. ಒಣಗಿಸುವುದು. ಕ್ರಿಮಿ ಕೊಲ್ಲುವುದು.

"ಒಣಗಿಸೋದು ಅಂದ್ರೆ? ಹಗ್ಗದ ಮೇಲೆ ಹಾಕ್ತೀರಾ?"

ಮಗ್ಗದಣ್ಣ ನಕ್ಕ. ಯಾರೂ ಜೊತೆಗೂಡದ್ದರಿಂದ ನಿಲ್ಲಿಸಿದ.

"ಬತ್ತಿ ಎಳೀತೀನಿ ಅಮ್ಮ," ಎಂದಳು ಲೇಪದಕ್ಕ. "ಗಾಳಿ ಊದಿದ್ರೆ ಒಳಗೆ ಅಲೆಅಲೆಯಾಗಿ ಒಣಗುತ್ತೆ. ಕೊನೇ ಹನಿ ಕಲೆಯಾಗಿ ನಿಲ್ಲುತ್ತೆ. ಅದಕ್ಕೆ ಹತ್ತಿದಾರದ ದಪ್ಪ ಬತ್ತಿ ಪೋಣಿಸಿ ನಿಧಾನಕ್ಕೆ ಎಳೀಬೇಕು. ನೀರೆಲ್ಲ ಬತ್ತಿ ಕುಡ್ಕೊಳ್ಳುತ್ತೆ."

"ಯಾರು ಕಲಿಸಿದ್ದು?"

"ಯಾರೂ ಇಲ್ಲ. ನಾನೇ ಕಂಡ್ಕೊಂಡಿದ್ದು."

"ಜಾಣೆ," ಎಂದಳು ದೊಡ್ಡಮ್ಮ. ಲೇಪದಕ್ಕ ನಿನ್ನೆಯಿಂದ ಮೊದಲ ಬಾರಿಗೆ ತಲೆ ಎತ್ತಿದಳು. "ಒಂದು ಬತ್ತಿನ ಎಷ್ಟು ಕೊಳವೆಗೆ ಎಳೀತೀಯ?"

"ಒಂದಕ್ಕೊಂದು. ಹನ್ನೆರಡು ಕೊಳವೆಗೆ ಹನ್ನೆರಡು ಬತ್ತಿ."

ದೊಡ್ಡಮ್ಮ ಟೀ ಒಂದು ಗುಟುಕು ಕುಡಿದಳು. ಆಮೇಲೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದಳು.

"ನಿನ್ನ ಕನ್ನಡಕದ ದಾರ ಏನಾಯ್ತು?"

ಲೇಪದಕ್ಕನ ಕೈ ಕನ್ನಡಕಕ್ಕೆ ಹೋಯಿತು.

"ನಾನು ವಾರ್ಡಿಗೆ ಸೇರಿದ ದಿನ ನೀನು ನೋಡೋಕೆ ಬಂದಿದ್ದೆ. ಕನ್ನಡಕಕ್ಕೆ ಬಿಳೀ ದಾರ ಇತ್ತು, ದಪ್ಪದ್ದು. ಇವತ್ತು ಗಾಯದ ಪಟ್ಟಿ ಇದೆ. ದಾರ ಎಲ್ಲಿ ಹೋಯ್ತು?"

"ಅಮ್ಮ, ನಾನು..." ಲೇಪದಕ್ಕ ಸ್ಟೂಲು ಹುಡುಕಿ ಕೂತಳು. "ಹಳೇ ದಾರ ಕಿತ್ತುಹೋಗಿತ್ತು. ಆ ಗಳಿಗೆಗೆ ಕೈಗೆ ಸಿಕ್ಕಿದ್ದು ಬತ್ತಿ. ಕಟ್ಕೊಂಡೆ, ಆಮೇಲೆ ಮರೆತೆ. ಲೇಪದ ದಿನ ಕಟ್ಟು ಬಿಚ್ಚಿದ್ರೆ ಹನ್ನೊಂದೇ ಇವೆ. ಹನ್ನೆರಡನೇದು ನನ್ನ ಕಿವಿ ಮೇಲಿದೆ. ಬಿಚ್ಚಿ, ಬಿಸಿನೀರಲ್ಲಿ ಮೂರು ಸಲ ಕುದಿಸಿ, ಒಣಗಿಸಿ ಉಪಯೋಗಿಸ್ದೆ. ಸಾಮಾನು ಕದ್ದವಳ ಹಾಗೆ ಹೇಗೆ ಹೇಳ್ಲಿ? ಕೊನೇ ಕೊಳವೆಗೆ ಅದೇ ಬತ್ತಿ."

"ಹನ್ನೆರಡನೇದಕ್ಕೆ," ಎಂದಳು ಪುಟ್ಟಿ.

"ಅದಕ್ಕೇ ಅದು ಕೆಟ್ಟಿದ್ರೆ ನನ್ನ ತಪ್ಪು ಅಂತ ಒಪ್ಕೋತಿದ್ದೆ ಮೇಡಂ. ಆದ್ರೆ ಅದೊಂದೇ ಚೆನ್ನಾಗಿದೆ. ನನಗೆ ತಲೆಬುಡ ತಿಳೀಲಿಲ್ಲ."

ಮಗ್ಗದಣ್ಣ ಬಾಯಿ ತೆರೆದ. ದೊಡ್ಡಮ್ಮ ಕೈ ಎತ್ತಿದಳು, ಮುಚ್ಚಿದ.

"ಇನ್ನೊಂದು ಹೇಳು. ಬತ್ತಿ ಎಳೆಯೋವಾಗ ಕೈಗೆ ಹೇಗನ್ನಿಸ್ತು?"

ಲೇಪದಕ್ಕ ತನ್ನ ಕೈ ನೋಡಿಕೊಂಡಳು. ಒಡೆದ ಬೆರಳುಗಳನ್ನು ಒಂದನ್ನೊಂದು ಹಿಸುಕಿಕೊಂಡಳು.

"ಹನ್ನೊಂದು ಬತ್ತಿನೂ ನೀರು ಕುಡೀಲಿಲ್ಲ ಅಮ್ಮ. ಎರಡೆರಡು ಸಲ ಎಳೆದೆ. ಹನ್ನೆರಡನೇದು ಒಂದೇ ಸಲಕ್ಕೆ ಎಲ್ಲ ಕುಡೀತು. ನನ್ನ ಕೈಯಲ್ಲೇ ಕಸು ಕಮ್ಮಿಯಾಗಿದೆ, ಕೊನೇಲಿ ಹೇಗೋ ಸರಿಹೋಯ್ತು ಅಂದ್ಕೊಂಡೆ. ಅದಕ್ಕೇ ಚೀಟಿ ಬರೆದಿದ್ದು."

"ಬತ್ತಿ ಎಲ್ಲಿವೆ?"

ಡಬ್ಬಿಯಲ್ಲಿದ್ದವು. ಹನ್ನೆರಡೂ ಬೆಳ್ಳಗೆ, ಮೆತ್ತಗೆ, ಒಂದರಂತೆ ಒಂದು. ಒಂದರ ಎರಡು ತುದಿಯಲ್ಲಿ ಮಾತ್ರ ಕನ್ನಡಕಕ್ಕೆ ಗಂಟು ಹಾಕಿದ ಸುಕ್ಕು ಹಾಗೇ ಇತ್ತು. ದೊಡ್ಡಮ್ಮ ಅದನ್ನೂ ಉಳಿದವುಗಳಲ್ಲಿ ಒಂದನ್ನೂ ಎತ್ತಿಕೊಂಡು, ಎರಡರ ತುದಿಯನ್ನೂ ತನ್ನ ಟೀ ಲೋಟದೊಳಗೆ ಇಳಿಬಿಟ್ಟಳು.

ಎಲ್ಲರೂ ಬಗ್ಗಿ ನೋಡಿದರು. ಸುಕ್ಕಿದ್ದ ಬತ್ತಿಯಲ್ಲಿ ಟೀ ಸರಸರನೆ ಮೇಲೇರಿತು, ದೊಡ್ಡಮ್ಮನ ಬೆರಳಿನ ತನಕ. ಇನ್ನೊಂದು ಬತ್ತಿ ಟೀಯೊಳಗೇ ಇದ್ದರೂ ಮುಳುಗಿದ ಅಂಚಿನಿಂದ ಮೇಲಕ್ಕೆ ಬೆಳ್ಳಗೇ ಉಳಿಯಿತು.

"ನಿನ್ನ ಕೈಗೆ ಏನೂ ಆಗಿಲ್ಲ," ಎಂದಳು ದೊಡ್ಡಮ್ಮ ಲೇಪದಕ್ಕನಿಗೆ. "ಚೀಟಿ ಹರಿದುಹಾಕು. ಈ ಬತ್ತಿಗಳನ್ನ ಒಗೆಯೋದು ಯಾರು?"

"ಯಾವಾಗ್ಲೂ ನಾನೇ. ಬರೀ ಬಿಸಿನೀರಲ್ಲಿ. ಸೋಪು ಕೂಡ ಹಾಕಲ್ಲ. ಆದ್ರೆ ಈ ಸಲ ಬೆರಳು ಒಡೆದಿತ್ತು, ಅದಕ್ಕೆ..." ಲೇಪದಕ್ಕ ನಿಲ್ಲಿಸಿದಳು. ಅವಳ ಕಣ್ಣು ತನಗೇ ಬೇಡವಾಗಿ ಒಂದು ಕಡೆ ಹೋಯಿತು.

ಎಲ್ಲರೂ ಪುಟ್ಟಿಯತ್ತ ತಿರುಗಿದರು.

"ನಾನು," ಎಂದಳು. "ನಾನೇ ಮನೆಗೆ ತಗೊಂಡು ಹೋಗಿದ್ದೆ. ಆದ್ರೆ ಬರೀ ನೀರಲ್ಲೇ ದೊಡ್ಡಮ್ಮ. ಸೋಪು ಮುಟ್ಟಿಸಲಿಲ್ಲ. ನಿನ್ನ ಬಟ್ಟೆ ಒಗೆದ ಮೇಲೆ, ಅದೇ ಯಂತ್ರದಲ್ಲಿ, ಬೇರೆಯಾಗಿ."

"ಕೊನೇ ನೀರಿಗೆ ಏನು ಹಾಕ್ತೀಯ?"

"ಏನೂ ಇಲ್ಲ. ಅದು... ಯಂತ್ರವೇ ತಾನಾಗಿ..."

ಮನೆಯ ಬಟ್ಟೆ ಒಗೆಯುವ ಯಂತ್ರದ ಚಿಕ್ಕ ಗೂಡಿಗೆ ಪುಟ್ಟಿ ತಿಂಗಳ ಹಿಂದೆ ಒಂದು ದ್ರವ ತುಂಬಿಸಿಟ್ಟಿದ್ದಳು. ಬಟ್ಟೆಯನ್ನು ಮೆತ್ತಗೆ ಮಾಡುವ ದ್ರವ. ಪ್ರತಿ ಸಲ ಕೊನೆಯ ನೀರಿಗೆ ಯಂತ್ರ ಅದನ್ನು ತಾನೇ ಬೆರೆಸುತ್ತಿತ್ತು.

"ಕಳ್ಳಿ ನೀನೇ ಕಣೆ, ಪುಟ್ಟಿ," ಎಂದಳು ದೊಡ್ಡಮ್ಮ. ಬೈದಂತಿರಲಿಲ್ಲ ಆ ದನಿ; ಹೋಮ್‌ವರ್ಕಿನಲ್ಲಿ ತಪ್ಪು ತೋರಿಸಿದಂತಿತ್ತು. "ನಿನ್ನೆ ನಿನ್ನ ಟವೆಲ್ಲು ನನ್ನ ಮುಖ ಒರೆಸದೆ ಇದ್ದಾಗಲೇ ಇವಳ ಮನೇಲಿ ಆ ದ್ರವ ಬಂದಿದೆ ಅಂದ್ಕೊಂಡೆ. ಇವತ್ತು ಬತ್ತಿ ನೀರು ಕುಡೀಲಿಲ್ಲ ಅಂತ ಲೇಪದವಳು ಹೇಳಿದ್ಲು ನೋಡು, ಎರಡೂ ಒಂದೇ ಕೊಡದ ನೀರು ಅಂತ ಗೊತ್ತಾಯ್ತು. ಆ ದ್ರವ ಹಾಕಿದ್ರೆ ನೂಲಿನ ಮೇಲೆ ಜಿಡ್ಡು ಕೂರುತ್ತೆ. ಕೈಗೆ ಮೆತ್ತಗೆ, ನೀರಿಗೆ ಬೇಡ. ಮೂವತ್ತನಾಲ್ಕು ವರ್ಷ ಅದರ ಒಂದು ಬಾಟಲಿನೂ ನನ್ನ ಲಾಂಡ್ರಿಗೆ ಬಿಟ್ಕೊಂಡಿಲ್ಲ. ರಕ್ತ ಹೀರದ ಬಟ್ಟೆ ಆಪರೇಷನ್ನಿಗೆ ಯಾಕೆ? ಕೊಳವೆಗೆ ಅದೇನು ಮಾಡುತ್ತೆ ಅಂತ ನನಗೆ ಗೊತ್ತಿಲ್ಲ. ಅದು ನಿನ್ನ ಕೆಲಸ."

ಪುಟ್ಟಿಗೆ ಗೊತ್ತಿತ್ತು. ಯಾವ ವಿದ್ಯಾರ್ಥಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಹೆಪಾರಿನ್ನಿನದು ಋಣ ವಿದ್ಯುತ್ತು, ಆ ದ್ರವದ್ದು ಧನ. ಎರಡೂ ಕಂಡಕೂಡಲೇ ತಬ್ಬಿಕೊಳ್ಳುತ್ತವೆ. ತಬ್ಬಿಕೊಂಡ ಹೆಪಾರಿನ್ನಿಗೆ ಮತ್ತೆ ರಕ್ತದ ಕಡೆ ನೋಡಲು ಕೈ ಬಿಡುವಿಲ್ಲ. ಬತ್ತಿ ಕೊಳವೆಯ ಉದ್ದಕ್ಕೂ ಒಳಮೈಗೆ ಉಜ್ಜಿಕೊಂಡು ಹೋಗುತ್ತದೆ. ಹನ್ನೊಂದು ಕೊಳವೆಗೂ ಲೇಪದಕ್ಕ ಎರಡೆರಡು ಸಲ ಎಳೆದಿದ್ದಳು. ನೂಲು, ಮದ್ದು, ನೀರು, ರಕ್ತ ಎಲ್ಲದರ ಮೇಲೂ ಅವರು ಅನುಮಾನಪಟ್ಟಿದ್ದರು. ಬತ್ತಿಯನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕ್ರಮಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅದು 'ಒಣಗಿಸುವುದು' ಎಂಬ ಒಂದು ಪದದ ಹಿಂದೆ ಕೂತಿತ್ತು.

"ವಾಸನೆನಾದ್ರೂ ಬರಬೇಕಿತ್ತಲ್ಲ ಮೇಡಂ," ಎಂದ ಮಗ್ಗದಣ್ಣ.

"ವಾಸನೆ ಇಲ್ಲದ್ದೇ ಹುಡುಕಿ ತಂದಿದ್ದೆ. ದೊಡ್ಡಮ್ಮನಿಗೆ ಸೀನು ಬರುತ್ತೆ." ಪುಟ್ಟಿ ದೊಡ್ಡಮ್ಮನ ಕಡೆ ತಿರುಗಿದಳು. "ಒರಟು ಬಟ್ಟೆ ತಾಗಿದ್ರೆ ನಿನ್ನ ಪಾದಕ್ಕೆ ನೋವಾಗುತ್ತೆ ಅಂತ ಅಲ್ವಾ ತಂದಿದ್ದು? ನಿನ್ನ ಕಾಲಿಗೋಸ್ಕರ ತಂದಿದ್ದರಿಂದ ನಿನ್ನ ಕಾಲನ್ನೇ ನಾನು..."

"ಕಾಲು ಇನ್ನೂ ಇಲ್ಲೇ ಇದೆಯಲ್ಲ," ಎಂದಳು ದೊಡ್ಡಮ್ಮ. "ಅಳೋದಾದ್ರೆ ಆ ಹನ್ನೊಂದು ಬತ್ತಿಯಿಂದ ಒರೆಸ್ಕೋಬೇಡ, ಒಂದು ಹನಿನೂ ಹೀರಲ್ಲ. ಎದ್ದು ಸರ್ಜನ್ನನ್ನ ಕರಿ."

ಸರ್ಜನ್ನು ಎಲ್ಲವನ್ನೂ ಕೇಳಿಸಿಕೊಂಡರು. ಟೀ ಲೋಟವನ್ನು ನೋಡಿದರು. "ಕಥೆ ಚೆನ್ನಾಗಿದೆ. ತೋರಿಸಿ," ಎಂದರು.

ಶುಕ್ರವಾರ ಬೆಳಿಗ್ಗೆ ಹಳೆಯ ಸಲದ ಎರಡು ಒಳ್ಳೆಯ ಚೂರುಗಳನ್ನು ತೆಗೆದುಕೊಂಡರು. ಒಂದರೊಳಗೆ ಲೇಪದಕ್ಕ ಪುಟ್ಟಿ ಒಗೆದ ಬತ್ತಿ ಎಳೆದಳು, ಇನ್ನೊಂದರೊಳಗೆ ಬರೀ ಬಿಸಿನೀರಿನಲ್ಲಿ ಕುದಿಸಿದ ಹೊಸ ಬತ್ತಿ. ಹನ್ನೆರಡನೆಯ ಕೊಳವೆಯಿಂದಲೂ ಮತ್ತೊಂದು ಬೆರಳುದ್ದ ಕತ್ತರಿಸಿ ಮೂರನ್ನೂ ಯಂತ್ರಕ್ಕೆ ಜೋಡಿಸಿದರು. ಸರ್ಜನ್ನು ಬಂದು ಪುಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತರು.

ಇಪ್ಪತ್ತು ನಿಮಿಷ. ಮೂವತ್ತು. ಮೂವತ್ತೈದು. ಜೀವನದಲ್ಲಿ ಮೊದಲ ಸಲ ಪುಟ್ಟಿ ಒಂದು ಕೊಳವೆ ಕಟ್ಟಿಕೊಳ್ಳಲಿ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ನಲವತ್ತೊಂದನೆಯ ನಿಮಿಷಕ್ಕೆ ಮೊದಲ ಚೂರು ನಿಂತಿತು. ಉಳಿದೆರಡು ಹರಿದವು. ಒಂದು ಗಂಟೆ, ಮೂರು ಗಂಟೆ. ಸರ್ಜನ್ನು ನಡುವೆ ಎದ್ದು ಹೋಗಿ ಮತ್ತೆ ಬಂದರು. ಆರು ಗಂಟೆ ಮುಗಿದಾಗ ಎರಡು ಚೂರನ್ನೂ ಸೀಳಿ ಒಳಮೈ ನೋಡಿದರು. ಸ್ವಚ್ಛವಾಗಿತ್ತು.

"ಹನ್ನೆರಡನೇದನ್ನ ಕಳಿಸಿಕೊಡಿ," ಎಂದರು. ಬಾಗಿಲ ಹತ್ತಿರ ತಿರುಗಿ, "ಆ ಅಮ್ಮ ಲಾಂಡ್ರಿ ಬಿಟ್ಟಿದ್ದು ನಮ್ಮ ನಷ್ಟ," ಎಂದೂ ಸೇರಿಸಿದರು. ಅವರ ಮಟ್ಟಿಗೆ ಅದು ಒಂದು ವಾರದ ಮಾತು.

ಶನಿವಾರ ಆಪರೇಷನ್ ನಾಲ್ಕು ಗಂಟೆ ನಡೆಯಿತು. ಹೊರಗಿನ ಬೆಂಚಿನ ಮೇಲೆ ಪುಟ್ಟಿಯ ಒಂದು ಪಕ್ಕಕ್ಕೆ ಲೇಪದಕ್ಕ, ಇನ್ನೊಂದು ಪಕ್ಕಕ್ಕೆ ಮಗ್ಗದಣ್ಣ ಕೂತಿದ್ದರು. ಎರಡನೆಯ ಗಂಟೆಯಲ್ಲಿ ಮಗ್ಗದಣ್ಣ ಜೇಬಿನಿಂದ ಏನನ್ನೋ ತೆಗೆದು, ಪುಟ್ಟಿಯನ್ನು ದಾಟಿಸಿ ಲೇಪದಕ್ಕನ ತೊಡೆಯ ಮೇಲಿಟ್ಟ. ತನ್ನ ಯಂತ್ರದಲ್ಲೇ ಹೆಣೆದ ಕನ್ನಡಕದ ದಾರ, ನೀಲಿ ಬಣ್ಣದ್ದು.

"ಬಣ್ಣದ್ದು ಯಾಕೆ?" ಎಂದಳು ಲೇಪದಕ್ಕ.

"ಬತ್ತಿ ಅಂದ್ಕೊಂಡು ಕೊಳವೆಗೆ ಹಾಕದಿರಲಿ ಅಂತ."

ಹತ್ತೊಂಬತ್ತು ವರ್ಷ ಜಗಳವಾಡಿಕೊಂಡೇ ಕೆಲಸ ಮಾಡಿದ ಆ ಇಬ್ಬರ ನಡುವೆ ಕೂತು ಪುಟ್ಟಿ ಮೂರು ದಿನಗಳ ಮೇಲೆ ನಕ್ಕಳು. ಆಮೇಲೆ ಚೀಲದಿಂದ ಕ್ರಮಪಟ್ಟಿ ತೆಗೆದು 'ಒಣಗಿಸುವುದು' ಎಂಬುದನ್ನು ಹೊಡೆದುಹಾಕಿ, ಬತ್ತಿಯ ಅಳತೆ, ಒಗೆಯುವ ರೀತಿ ಎಲ್ಲವನ್ನೂ ಲೇಪದಕ್ಕ ಹೇಳಿದಂತೆಯೇ ಬರೆದುಕೊಂಡಳು.

ಸಾಯಂಕಾಲ ಅವಳನ್ನು ಒಳಗೆ ಬಿಟ್ಟರು. ದೊಡ್ಡಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ತಲೆದಿಂಬಿನ ಪಕ್ಕ ಆಸ್ಪತ್ರೆಯ ಒರಟು ಟವೆಲ್ಲು ಮಡಿಸಿಟ್ಟಿತ್ತು. ನರ್ಸು ಪಾದದ ಮೇಲೆ ರಕ್ತದ ಹರಿವನ್ನು ಕೇಳಿಸುವ ಒಂದು ಸಣ್ಣ ಉಪಕರಣ ಇಟ್ಟಳು. ಕೋಣೆಯಲ್ಲೆಲ್ಲ ಕೇಳುವಂತೆ ಒಂದು ಸದ್ದು ಬಂತು — ಬುಸ್, ಬುಸ್, ಬುಸ್ — ನಿಲ್ಲದೆ, ಒಂದೇ ಹದದಲ್ಲಿ.

ಪುಟ್ಟಿ ಹಾಸಿಗೆಯ ಕಾಲುಗಡೆ ಮಂಡಿಯೂರಿ, ಕಂಬಳಿ ಸರಿಸಿ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂರು ತಿಂಗಳಿಂದ ದಿನವೂ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಲು ನೋಡಿ ಸೋತಿದ್ದ ಪಾದ.

"ಯಾರದು?" ದೊಡ್ಡಮ್ಮ ಕಣ್ಣು ತೆರೆಯದೆಯೇ ಗೊಣಗಿದಳು. "ಪುಟ್ಟೀನಾ? ಕೈ ತೆಗಿಯೇ. ಐಸಿನ ಹಾಗಿದೆ ನಿನ್ನ ಕೈ."

ಪುಟ್ಟಿ ತೆಗೆಯಲಿಲ್ಲ.